ಯಾವ ಮನೆಯ ಮಗು?

ನಮ್ಮ ಕಡೆ ಜಾತ್ರೆಯಲ್ಲಾಗಲಿ, ದೈವದ ನೇಮ ನಡೆಯುವ ಅಂಗಳದಲ್ಲಾಗಲಿ ಪುಟ್ಟ ಮಗುವೊಂದು ಒಂಟಿಯಾಗಿ ಕಂಡರೆ ಹಿರಿಯರು ಬಗ್ಗಿ ಕೇಳುವ ಮಾತು ಒಂದೇ: "ಈ ಏರೆನ ಬಾಲೆ?" ನೀನು ಯಾರ ಮಗು? ತುಳುವಿನಲ್ಲಿ ಕೇಳಲಿ, ಅರೆಭಾಷೆಯಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಆ ಪ್ರಶ್ನೆಯೊಳಗೆ ಇರುವುದು ಅಕ್ಕರೆ. ಮಗು ಮನೆಯ ಹೆಸರು ಹೇಳುತ್ತದೆ. ಕೇಳಿದವರಿಗೆ ಆ ಮನೆಯ ಅಜ್ಜಿ, ಸೋದರಮಾವ, ದಣಪೆಯ ಹತ್ತಿರದ ಹಲಸಿನ ಮರ ಎಲ್ಲ ಒಟ್ಟಿಗೆ ನೆನಪಾಗುತ್ತದೆ. ಮಗುವಿನ ಕೈಗೆ ಚರುಮುರಿಯ ಪೊಟ್ಟಣ ಬರುತ್ತದೆ. ಮನೆಯವರು ಸಿಗುವ ತನಕ ಅದು ಕೇಳಿದವರದೇ ಮಗು.

ಅದೇ ಪ್ರಶ್ನೆಯನ್ನು ನಾನು ಒಂದು ಸಲ ಚೂರಿಯ ಹಾಗೆ ಬಳಸಿದ್ದೇನೆ. ಅದನ್ನು ಹೇಳದೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ.

ನಮ್ಮ ಕಾಣಿಯೂರು ಇನ್ನೂ ಪುತ್ತೂರು ತಾಲೂಕಿನಲ್ಲೇ ಇದ್ದ ಕಾಲ. ನಾನು ಈ ಭಾಗದ ಒಂದು ಶಾಲೆಯಲ್ಲಿ ಟೀಚರು. ದಾಖಲಾತಿಯ ದಿನ, ಜೋರು ಮಳೆ, ಜಗಲಿಯ ತುಂಬ ನೀರಿಳಿಯುವ ಕೊಡೆಗಳು. ಮೇಜಿನ ಮುಂದೆ ಒಬ್ಬಳು ಹೆಂಗಸು, ಅವಳ ಸೆರಗು ಹಿಡಿದುಕೊಂಡ ಆರು ವರ್ಷದ ಹುಡುಗ. ಹೆಸರು, ಹುಟ್ಟಿದ ದಿನ, ಜಾತಿ ಎಲ್ಲ ಬರೆದಾಯಿತು. "ತಂದೆಯ ಹೆಸರು?" ಎಂದೆ. ಅವಳು ಸುಮ್ಮನಿದ್ದಳು. ಮಳೆಯ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಸ್ವರ ಏರಿಸಿ ಮತ್ತೆ ಕೇಳಿದೆ. ಮೂರನೆಯ ಸಲ ಕೇಳುವಾಗ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಮಾತು ನಿಲ್ಲಿಸಿದ್ದರು. "ಕೇಸು ಉಂಟು ಟೀಚರೇ" ಎಂದಳು ಅವಳು, ನೆಲ ನೋಡಿಕೊಂಡು. ಆಗ ಹುಡುಗ ತಲೆಯೆತ್ತಿ, ನನಗೆ ಸಹಾಯ ಮಾಡುವವನ ಹಾಗೆ, ಅಜ್ಜಿಯ ಮನೆಯ ಹೆಸರು ಹೇಳಿದ. ಜಾತ್ರೆಯಲ್ಲಿ ಕೇಳಿದವರಿಗೆ ಏನು ಹೇಳಬೇಕೆಂದು ಅವನಿಗೆ ಕಲಿಸಿದ್ದರೋ ಅದನ್ನೇ ಹೇಳಿದ. ನಾನು ಆ ಕಾಲಂನಲ್ಲಿ ಕೆಂಪು ಶಾಯಿಯ ಒಂದು ಗೆರೆ ಎಳೆದೆ.

ಮಗು ತನ್ನದಲ್ಲ ಎಂದು ಗಂಡ ಕೋರ್ಟಿಗೆ ಹೋಗಿದ್ದನಂತೆ. ಮುಂದಿನ ವರ್ಷಗಳಲ್ಲಿ ಆ ಹುಡುಗ ಆಗಾಗ ಶಾಲೆಗೆ ಬರುತ್ತಿರಲಿಲ್ಲ. ಕಾರಣ ಕೇಳಿದರೆ "ನಾಳೆ ವಾಯಿದೆ" ಅನ್ನುತ್ತಿದ್ದ. ಎರಡನೇ ತರಗತಿಯ ಮಗುವಿಗೆ ಬರಬೇಕಾದ ಶಬ್ದವಲ್ಲ ಅದು. ಕಾಗುಣಿತ ತಪ್ಪುತ್ತಿದ್ದ, ವಾಯಿದೆಯ ದಿನ ತಪ್ಪುತ್ತಿರಲಿಲ್ಲ.

ಆ ಹುಡುಗನ ನೆನಪಿನಲ್ಲಿ ನಾನು ಈ ಕರೆ ಬರೆಯುತ್ತಿದ್ದೇನೆ. ಪುತ್ತೂರು, ಸುಳ್ಯ, ಕಡಬದ ವಕೀಲರಿಗೆ, ಗಂಡಂದಿರಿಗೆ, ಹೆಂಡತಿಯರಿಗೆ, ಅತ್ತೆ ಮಾವಂದಿರಿಗೆ, ಮಾತುಕತೆಗೆ ಕೂರುವ ಊರಿನ ದೊಡ್ಡವರಿಗೆ, ನನ್ನ ಹಾಗೆ ದಾಖಲಾತಿ ಪುಸ್ತಕದ ಮುಂದೆ ಕೂರುವ ಟೀಚರುಗಳಿಗೆ.

ಗಂಡ ಹೆಂಡತಿ ಬೇರೆಯಾಗುವುದು ಹೊಸತಲ್ಲ. ಹೊಸತಾಗಿ ಬಂದಿರುವುದು ಕೈಗೆ ಸಿಕ್ಕ ಒಂದು ಕಲ್ಲು. ಕೆನ್ನೆಯ ಒಳಬದಿಯಿಂದ ಹತ್ತಿಯ ಕಡ್ಡಿಯಲ್ಲಿ ಒಂದಿಷ್ಟು ಎಂಜಲು ತೆಗೆದರೆ ತಂದೆ ಯಾರೆಂದು ಹೇಳಬಲ್ಲ ಪರೀಕ್ಷೆ. ವಿಚ್ಛೇದನಕ್ಕೆ ಹಾಕಿದ ಅರ್ಜಿಯಲ್ಲಿ ಹೆಂಡತಿಯ ನಡತೆಯ ಮೇಲೆ ಒಂದು ಮಾತು, ಅದರ ಹಿಂದೆಯೇ ಮಗುವಿನ ಡಿಎನ್‌ಎ ಪರೀಕ್ಷೆ ಮಾಡಿಸಬೇಕೆಂಬ ಮಧ್ಯಂತರ ಅರ್ಜಿ. ಕಲ್ಲು ಎಸೆಯುವುದು ಹೆಂಡತಿಗೆ. ತಾಗುವುದು ಅವಳ ಸೊಂಟದ ಮೇಲಿರುವ ಮಗುವಿಗೆ.

ಕಾನೂನು ಇದನ್ನು ಮೊದಲೇ ಕಂಡಿತ್ತು. 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಂ ಬರೆದಾಗ ರಕ್ತಕ್ಕೆ ಗುಂಪುಗಳಿವೆ ಎಂಬುದೇ ಲೋಕಕ್ಕೆ ಗೊತ್ತಿರಲಿಲ್ಲ. ಆದರೂ ಅದು ಒಂದು ಗೋಡೆ ಕಟ್ಟಿತು. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು ಆ ಗಂಡನ ಮಗು. ಮದುವೆ ಮುರಿದು 280 ದಿನಗಳೊಳಗೆ, ತಾಯಿ ಮರುಮದುವೆಯಾಗದೆ ಇರುವಾಗ ಹುಟ್ಟಿದರೂ ಅಷ್ಟೇ. ಗರ್ಭ ನಿಂತಿರಬಹುದಾದ ಸಮಯದಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ಸೇರುವ ಅವಕಾಶವೇ ಇರಲಿಲ್ಲ ಎಂದು ಹೇಳುವವನೇ ತೋರಿಸಿಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ ಹಳೆಯದನ್ನೆಷ್ಟೋ ಬದಲಿಸಿತು, ಆದರೆ ಈ ಗೋಡೆಯನ್ನು 116ನೇ ಕಲಂ ಆಗಿ ಹಾಗೆಯೇ ಉಳಿಸಿಕೊಂಡಿತು. ಗಂಡಸರು ಗಲ್ಫಿನಲ್ಲಿ, ಮುಂಬೈಯ ಹೋಟೆಲುಗಳಲ್ಲಿ, ಬೆಂಗಳೂರಿನಲ್ಲಿ ದುಡಿಯುವ ಊರು ನಮ್ಮದು. 'ಸೇರುವ ಅವಕಾಶ' ಎಂಬ ಕಾನೂನಿನ ಮಾತು ಇಲ್ಲಿ ಪಾಸ್‌ಪೋರ್ಟಿನ ಮುದ್ರೆಯಾಗಿ, ರಜೆಗೆ ಬಂದುಹೋದ ತಾರೀಕಾಗಿ ಬದಲಾಗುತ್ತದೆ. ಬೆರಳು ಮಡಚಿ ತಿಂಗಳು ಲೆಕ್ಕ ಹಾಕುವ ನಾಲಿಗೆಗಳಿಗೆ ಪೇಟೆಯಲ್ಲಿ ಬರವಿಲ್ಲ. ಆ ಲೆಕ್ಕದಿಂದ ಮಗುವನ್ನು ಕಾಯುವುದಕ್ಕೇ ಆ ಗೋಡೆ.

1993ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಕೇಳಿದವರಿಗೆಲ್ಲ ರಕ್ತಪರೀಕ್ಷೆಯ ಆದೇಶ ಕೊಡುವಂತಿಲ್ಲ ಎಂದಿತು. ಪರೀಕ್ಷೆಯಿಂದ ತಾಯಿಗೆ ಯಾವ ಹೆಸರು ಬರುತ್ತದೆ, ಮಗುವಿಗೆ ಯಾವ ಹಣೆಪಟ್ಟಿ ಅಂಟುತ್ತದೆ ಎಂದು ನ್ಯಾಯಾಲಯ ಮೊದಲು ಯೋಚಿಸಬೇಕು ಎಂದಿತು. ಆಮೇಲಿನ ದಾರಿ ನೇರವಾಗಿಯೇ ಸಾಗಿತು ಎನ್ನಲಾರೆ. 2014ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟು, ಈಗಾಗಲೇ ಬಂದ ಡಿಎನ್‌ಎ ವರದಿ ಒಂದು ಕಡೆ, ಕಾನೂನಿನ ಊಹೆ ಇನ್ನೊಂದು ಕಡೆ ನಿಂತಾಗ ವಿಜ್ಞಾನದ ಮಾತೇ ಮೇಲು ಎಂದು ಹೇಳಿ ಒಬ್ಬನನ್ನು ಜೀವನಾಂಶದ ಹೊಣೆಯಿಂದ ಬಿಡಿಸಿತು. ಅಲ್ಲಿಯೂ ಒಂದು ಹೆಣ್ಣುಮಗು ಇತ್ತು. ತೀರ್ಪಿನ ಮರುದಿನ ಅದು ಯಾರನ್ನು ಅಪ್ಪ ಎಂದಿತೋ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

2023ರ ಫೆಬ್ರವರಿ 20ರ ತೀರ್ಪನ್ನು ಮಾತ್ರ ಪ್ರತಿಯೊಬ್ಬ ವಕೀಲರೂ ತಮ್ಮ ಮೇಜಿನ ಮೇಲಿಟ್ಟುಕೊಳ್ಳಬೇಕು. ಹೆಂಡತಿಗೆ ಬೇರೆ ಸಂಬಂಧವಿದೆ ಎಂದು ವಿಚ್ಛೇದನ ಕೇಳಿದ ಗಂಡ, ಅದನ್ನು ಸಾಬೀತು ಮಾಡಲು ಎರಡನೆಯ ಮಗನ ಡಿಎನ್‌ಎ ಕೇಳಿದ್ದ. ಪುಣೆಯ ಕುಟುಂಬ ನ್ಯಾಯಾಲಯ ಒಪ್ಪಿತು, ಬಾಂಬೆ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ ಕೂತಿದ್ದವರು ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮತ್ತು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಇಬ್ಬರೂ ಆದೇಶವನ್ನು ಅಳಿಸಿದರು. ಗಂಡಹೆಂಡಿರ ಜಗಳದಲ್ಲಿ ಮಗು ಮುಟ್ಟುಗೋಲು ಹಾಕಿ ತಂದಿಡುವ ವಸ್ತುವಲ್ಲ, ಮಗುವಿಗೂ ತನ್ನದೇ ಆದ ಖಾಸಗಿತನವಿದೆ, ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಅಪ್ಪ ಅಮ್ಮನ ಕಣ್ಣಿನಿಂದಲ್ಲ, ಮಗುವಿನ ಕಣ್ಣಿನಿಂದ ನೋಡಬೇಕು ಎಂಬುದು ಆ ತೀರ್ಪಿನ ಹೂರಣ. ಹೆಂಡತಿಯ ತಪ್ಪು ತೋರಿಸಬೇಕಿದ್ದರೆ ಗಂಡ ಬೇರೆ ಸಾಕ್ಷ್ಯ ತರಲಿ. ಮಗುವಿನ ಮೈಯೊಳಗಿಂದ ಅಗೆದು ತೆಗೆಯುವುದು ಬೇಡ.

ಹಾಗಾದರೆ ಪರೀಕ್ಷೆಯೇ ಕೆಟ್ಟದ್ದೇ? ಅಲ್ಲ. ಈ ಒಂದು ಮಾತನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ಕರೆಯ ಜೀವ ಇದರಲ್ಲಿದೆ.

ಭಾರತದ ನ್ಯಾಯಾಲಯದಲ್ಲಿ ತಂದೆ ಯಾರೆಂದು ತಿಳಿಯಲು ಡಿಎನ್‌ಎ ಬಳಸಿದ ಮೊದಲ ಪ್ರಕರಣ ಎಂದು ಹೆಸರಾದದ್ದು ನಮಗೆ ದೂರದ್ದಲ್ಲ. ಕಾಸರಗೋಡು ದಾಟಿ ತೆಂಕಣಕ್ಕೆ ಹೋದರೆ ಸಿಗುವ ತಲಶ್ಶೇರಿಯದು. ಮಗುವಿಗೆ ಜೀವನಾಂಶ ಕೇಳಿ ತಾಯಿ ನ್ಯಾಯಾಲಯಕ್ಕೆ ಬಂದಿದ್ದಳು, ಗಂಡಸು ತನ್ನದಲ್ಲ ಎಂದಿದ್ದ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿ ಲಾಲ್‌ಜಿ ಸಿಂಗ್ ಪರೀಕ್ಷೆ ಮಾಡಿ ಸಾಕ್ಷ್ಯ ನುಡಿದರು. 1991ರಲ್ಲಿ ಕೇರಳ ಹೈಕೋರ್ಟು ಆ ಸಾಕ್ಷ್ಯವನ್ನು ಒಪ್ಪಿತು. ಅಲ್ಲಿ ಪರೀಕ್ಷೆ ಮಗುವಿನ ಬಟ್ಟಲಿಗೆ ಗಂಜಿ ತಂದಿತು. ಪುಣೆಯ ಪ್ರಕರಣದಲ್ಲಿ ಕೇಳಿದ್ದ ಪರೀಕ್ಷೆ ಮಗುವಿನ ಬಟ್ಟಲನ್ನು ಕಸಿಯುತ್ತಿತ್ತು. ಎರಡೂ ಡಿಎನ್‌ಎ ಪರೀಕ್ಷೆಯೇ. ಯಾರು ಕೇಳುತ್ತಿದ್ದಾರೆ, ಬಂದ ಉತ್ತರದಿಂದ ಮಗುವಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದರಲ್ಲಿ ಅಜಗಜಾಂತರ.

ತಾಯಿಯನ್ನು ನಂಬಿಸಿ, ಹೊಟ್ಟೆಯಲ್ಲಿ ಮಗು ಬಂದ ಮೇಲೆ ಕೈಕೊಡವಿ ನಿಲ್ಲುವವನ ಎದುರು ಪರೀಕ್ಷೆ ಬೇಕು, ಬೇಗ ಬೇಕು. ಜೀವನಾಂಶದ ಕಾನೂನು ಮದುವೆಯೊಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಎಂದು ಬೇರೆ ಮಾಡುವುದಿಲ್ಲ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಜೀವನಾಂಶ ಕೇಳುವ ತಾಯಿ ಯಾರ ಮರ್ಯಾದೆಯನ್ನೂ ಕಳೆಯುತ್ತಿಲ್ಲ, ಮಗುವಿನ ಊಟ ಕೇಳುತ್ತಿದ್ದಾಳೆ. ಅವಳ ಹಿಂದೆ ಊರು ನಿಲ್ಲಬೇಕು. ಬದಲಿಗೆ ಹತ್ತು ಜನ ಸೇರಿ, "ಇಷ್ಟು ದುಡ್ಡು ತೆಗೆದುಕೊಂಡು ಮುಗಿಸಿಬಿಡು" ಎಂದು ಚಾವಡಿಯಲ್ಲಿ ತೀರ್ಮಾನ ಹೇಳುತ್ತಾರೆ. ಆ ತೀರ್ಮಾನದಲ್ಲಿ ಮಗುವಿನ ಹೆಸರೇ ಬಂದಿರುವುದಿಲ್ಲ.

ದೆಹಲಿಯಲ್ಲಿ ರೋಹಿತ್ ಶೇಖರ್ ಎನ್ನುವವನು ರಾಜಕಾರಣಿ ಎನ್.ಡಿ. ತಿವಾರಿಯವರೇ ತನ್ನ ತಂದೆ ಎಂದು ತಾನೇ ನಿಂತು ಹೋರಾಡಿದ್ದು ನೆನಪಿರಬಹುದು. 2012ರಲ್ಲಿ ಡಿಎನ್‌ಎ ವರದಿ ಅವನ ಮಾತು ನಿಜ ಎಂದಿತು. ಅವನು ಬೆಳೆದ ಮಗ, ತನ್ನ ಸತ್ಯವನ್ನು ತಾನೇ ಕೇಳಿದ. ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರ ಡಿಸೆಂಬರಿನಲ್ಲಿ ಸೇರಿತು. ಮಗುವಿನ ಹಿತವೇ ಮೊದಲ ಪರಿಗಣನೆಯಾಗಬೇಕು ಎನ್ನುವ ಆ ಒಡಂಬಡಿಕೆಯೇ, ಸಾಧ್ಯವಾದಷ್ಟರ ಮಟ್ಟಿಗೆ ತನ್ನ ತಂದೆ ತಾಯಿ ಯಾರೆಂದು ತಿಳಿಯುವ ಹಕ್ಕೂ ಮಗುವಿಗಿದೆ ಎನ್ನುತ್ತದೆ. ಎರಡೂ ಒಂದಕ್ಕೊಂದು ಎದುರಲ್ಲ. ಸತ್ಯ ಮಗುವಿನದು. ಅದು ಬೇಕಾದಾಗ, ಹೊರಲು ಹೆಗಲು ಬಂದಾಗ, ಮಗುವೇ ಕೇಳಲಿ. ಆರು ವರ್ಷದವನ ಬಾಯಿಗೆ ಹತ್ತಿಯ ಕಡ್ಡಿ ಹಾಕಿ ತೆಗೆದ ಸತ್ಯ ಅವನದಲ್ಲ, ಅವನ ಮೇಲೆ ಯುದ್ಧ ಹೂಡಿದವರದು.

ಈ ವ್ಯತ್ಯಾಸ ನಮಗೆ ತಿಳಿಯದ್ದೇ? ಪುತ್ತೂರು ಸುಳ್ಯದ ಕಡೆ 'ಕರ್ಣಭೇದನ' ತಾಳಮದ್ದಲೆ ಕೇಳದೆ ಬೆಳೆದವರು ಎಷ್ಟು ಮಂದಿ? ನಡುರಾತ್ರಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಅರ್ಥಧಾರಿ ಆ ಮಾತನ್ನು ಎಳೆಎಳೆಯಾಗಿ ಬಿಡಿಸುವಾಗ ಸಭೆಯಲ್ಲಿ ಕೂತವರ ಕಣ್ಣು ತುಂಬುತ್ತದೆ. ಕೃಷ್ಣ ಹೇಳಿದ್ದು ಸುಳ್ಳಲ್ಲ, ಆದರೆ ಆ ಸತ್ಯವನ್ನು ಅವನು ಕರ್ಣನ ಸಲುವಾಗಿ ತಂದದ್ದಲ್ಲ, ಯುದ್ಧದ ಸಲುವಾಗಿ ತಂದದ್ದು. ಮಗು ತೊಟ್ಟಿಲಲ್ಲಿದ್ದಾಗ ಬಾರದ ಸತ್ಯ, ನದಿಯಲ್ಲಿ ತೇಲುವಾಗ ಬಾರದ ಸತ್ಯ, ಬಿಲ್ಲು ಹಿಡಿದು ನಿಂತವನ ಕೈ ಸೋಲಿಸಲು ಬಂತು. ಕರ್ಣನಿಗಾಗಿ ಅಳುವ ನಾವು ಬೆಳಗಾದ ಮೇಲೆ ಪಕ್ಕದ ಮನೆಯ ಮಗುವಿನ ಮೂಗು ಯಾರ ಹಾಗಿದೆ ಎಂದು ನೋಡುತ್ತೇವೆ. ರಾತ್ರಿ ಬಂದ ಕಣ್ಣೀರು ನಿಜವಾಗಿದ್ದರೆ ಬೆಳಗ್ಗೆ ನಾಲಿಗೆಯನ್ನು ಕಟ್ಟಿಹಾಕಬೇಕಿತ್ತು.

ನಮ್ಮದು ತಾಯಿಯ ಮನೆಯ ಹೆಸರನ್ನು ಎತ್ತಿ ಹೇಳಿದ ನಾಡು. ಬಂಟರಲ್ಲಿ, ಬಿಲ್ಲವರಲ್ಲಿ, ಅಳಿಯಕಟ್ಟಿನ ಇತರ ಸಮುದಾಯಗಳಲ್ಲಿ ಮಗುವಿನ ಬರಿ, ಅಂದರೆ ಕುಲ, ಬರುವುದು ತಾಯಿಯಿಂದ. ಹುಟ್ಟಿದ ಕ್ಷಣದಲ್ಲೇ ಮಗುವಿಗೆ ಕುಟುಂಬದ ಮನೆ, ಅಲ್ಲಿಯ ದೈವ, ಸೋದರಮಾವನ ಹೊಣೆ, ಎಲ್ಲವೂ ಸಿಗುತ್ತಿತ್ತು. ಆ ಕಟ್ಟಳೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಯಜಮಾನರ ಕೈಯಲ್ಲಿ ಆಸ್ತಿ ಸಿಕ್ಕಿಹಾಕಿಕೊಂಡು ಹೆಂಗಸರು ಮಕ್ಕಳು ಪಟ್ಟ ಪಾಡು, ಕೋರ್ಟು ವ್ಯಾಜ್ಯ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಲೆಕ್ಕ ಬದಲಾಯಿತು. ಹಾಗೆಯೇ ತಂದೆಯ ಕಡೆಯಿಂದ ವಂಶ ಎಣಿಸುವ ಮಕ್ಕಳಕಟ್ಟಿನ ಮನೆಗಳೂ ಇಲ್ಲಿ ಇವೆ. ನಾನು ಹಳೆಯದನ್ನು ತನ್ನಿ ಎನ್ನುತ್ತಿಲ್ಲ. ಆ ಕಟ್ಟಳೆಗೆ ಒಂದು ಮಾತು ಗೊತ್ತಿತ್ತು: ಮಗು ಮೊದಲು ಒಂದು ಮನೆಗೆ ಸೇರಬೇಕು. ಬಾಕಿ ಪ್ರಶ್ನೆಗಳು ಮನೆಯೊಳಗೆ ಸೇರಿದ ಮೇಲೆ.

ಪಡುಮಲೆಯಲ್ಲಿ ಹುಟ್ಟಿದ ಕೋಟಿ ಚೆನ್ನಯರನ್ನು ನೆನೆಯಿರಿ. ತುಳುನಾಡು ಅವರನ್ನು ಇಂದಿಗೂ ದೇಯಿ ಬೈದೆತಿಯ ಮಕ್ಕಳೆಂದೇ ಕರೆಯುವುದು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿ ಬೆಳೆಸಿದವನು ಮಾವ ಸಾಯನ ಬೈದ್ಯ. ಕಾಣಿಯೂರಿನಿಂದ ಪಂಜ, ಎಣ್ಮೂರು ಎಷ್ಟು ದೂರ? ಅವರು ಕೊನೆಯುಸಿರೆಳೆದ ನೆಲದ ಹತ್ತಿರವೇ ನಾವು ಬದುಕುತ್ತಿದ್ದೇವೆ. ಅವರ ಗರಡಿಯಲ್ಲಿ ಕೈಮುಗಿಯುವಾಗ ಹೆತ್ತ ತಾಯಿಯ ಹೆಸರು, ಸಾಕಿದ ಮಾವನ ಹೆಸರು ಇಷ್ಟೇ ಸಾಕಾಗುತ್ತದೆ. ಶಾಲೆಯ ಮೇಜಿನ ಮುಂದೆ ಮಾತ್ರ ಯಾಕೆ ಸಾಕಾಗುವುದಿಲ್ಲ?

ಕಾನೂನಂತೂ ನಮಗಿಂತ ಮುಂದೆ ಹೋಗಿದೆ. ಮದುವೆಯಾಗದ ತಾಯಿ ಮಗುವಿನ ಪಾಲಕತ್ವ ಪಡೆಯಲು ತಂದೆಯ ಹೆಸರು ಹೇಳಲೇಬೇಕೆಂದಿಲ್ಲ, ಅವಳು ಪ್ರಮಾಣಪತ್ರ ಕೊಟ್ಟರೆ ಜನನ ಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟು 2015ರ ಜುಲೈ 6ರಂದು ಹೇಳಿತು. ಪಾಸ್‌ಪೋರ್ಟಿಗೆ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೆ ಸಾಕು ಎಂದು 2016ರ ಕೊನೆಯಲ್ಲಿ ನಿಯಮ ಬದಲಾಯಿತು. ನಮ್ಮ ಕರ್ನಾಟಕದಿಂದಲೇ ದೆಹಲಿಗೆ ಹೋದ ಒಂದು ಆಸ್ತಿ ವ್ಯಾಜ್ಯದಲ್ಲಿ, ಹೆತ್ತವರ ಸಂಬಂಧಕ್ಕೆ ಕಾನೂನಿನ ಮುದ್ರೆ ಇಲ್ಲದಿರಬಹುದು, ಅದರಲ್ಲಿ ಹುಟ್ಟಿದ ಮಗುವನ್ನು ಆ ಸಂಬಂಧದಿಂದ ಬೇರೆಯಾಗಿಯೇ ನೋಡಬೇಕು ಎಂದು 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಬರೆದರು. 2023ರ ಸೆಪ್ಟೆಂಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಅನೂರ್ಜಿತ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಹೆತ್ತವರ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕಿದೆ ಎಂದು ಅದನ್ನು ಗಟ್ಟಿ ಮಾಡಿತು. ಇಷ್ಟೆಲ್ಲ ಆದ ಮೇಲೂ ಕೆಂಪು ಗೆರೆ ಎಳೆಯುವುದು ನಮ್ಮ ಕೈ.

ಗಂಡಸರ ನೋವನ್ನು ನಾನು ಮರೆತಿಲ್ಲ. ಮೋಸ ಹೋದೆ ಎಂದು ತಿಳಿದವನ ಎದೆಯುರಿ ಸಣ್ಣದಲ್ಲ. ರಬ್ಬರು ತೋಟದಲ್ಲಿ ಬೆಳಗಿನ ಜಾವ ಟ್ಯಾಪಿಂಗ್ ಮಾಡಿ ಮಗುವಿನ ಫೀಸು ಕಟ್ಟಿದವನಿಗೆ, ಆ ಮಗುವಿನ ಬಗ್ಗೆಯೇ ಯಾರೋ ಕಿವಿಯಲ್ಲಿ ಊದಿದರೆ ನೆಲವೇ ಕುಸಿಯುತ್ತದೆ. ಅವನಿಗೆ ಮದುವೆಯಿಂದ ಹೊರಬರುವ ದಾರಿ ಇದೆ, ಅದನ್ನು ಯಾರೂ ಮುಚ್ಚಬಾರದು. ಆದರೆ ಮದುವೆಯಿಂದ ಹೊರಬರುವುದು ಬೇರೆ, ಏಳು ವರ್ಷ ಹೆಗಲ ಮೇಲೆ ಹೊತ್ತ ಮಗುವನ್ನು ಕೆಳಗಿಳಿಸಿ ತಿರುಗಿ ನೋಡದೆ ಹೋಗುವುದು ಬೇರೆ. ಮೋಸ ಮಾಡಿದ್ದರೆ ಮಾಡಿದವರು ದೊಡ್ಡವರು. ಜ್ವರ ಬಂದ ರಾತ್ರಿ ನಿಮ್ಮ ಎದೆಯ ಮೇಲೆ ಮಲಗಿದ ಮಗು ಯಾರಿಗೂ ಮೋಸ ಮಾಡಿಲ್ಲ.

ತಾಯಂದಿರಿಗೂ ಹೇಳಬೇಕಾದದ್ದಿದೆ. ಗಂಡನ ಮೇಲಿನ ಸಿಟ್ಟಿಗೆ ಮಗುವಿನ ಎದುರಿನಲ್ಲಿ "ಅವ ನಿನ್ನ ಅಪ್ಪನೇ ಅಲ್ಲ" ಎಂದು ಬಾಯಿಬಿಡುವ ತಾಯಿಯೂ ಅದೇ ಕಲ್ಲನ್ನು ಎತ್ತುತ್ತಾಳೆ. ಕೇರಳದ ಒಂದು ಪ್ರಕರಣದಲ್ಲಿ 2001ರಲ್ಲಿ ಮದುವೆಯೊಳಗೆ ಹುಟ್ಟಿದ ಮಗುವಿಗೆ ಗಂಡನಲ್ಲ, ಬೇರೊಬ್ಬನೇ ತಂದೆ ಎಂದು ತಾಯಿಯೇ ಹೇಳಿದಳು. ಕೋರ್ಟಿನಿಂದ ಕೋರ್ಟಿಗೆ ಹೋದ ಕಡತ ಮುಚ್ಚಿದ್ದು 2025ರ ಜನವರಿ 28ರಂದು, ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಉಜ್ಜಲ್ ಭುಯಾನ್ ಅವರ ಪೀಠದಲ್ಲಿ. ಡಿಎನ್‌ಎ ಬೇಡ, ಕಾನೂನಿನ ಕಣ್ಣಲ್ಲಿ ಮದುವೆಯ ಗಂಡನೇ ತಂದೆ ಎಂದು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಮಗುವಿಗೆ 23 ವರ್ಷ. ಬಾಲ್ಯ ಕಳೆದು, ಮೀಸೆ ಬಂದು, ಮತದಾನದ ಹಕ್ಕು ಬಂದ ಮೇಲೆ ಸಿಕ್ಕ ಉತ್ತರ ಅದು.

ಆದ್ದರಿಂದ ವಕೀಲ ಮಿತ್ರರೇ, ಕಕ್ಷಿದಾರ ಸಿಟ್ಟಿನಲ್ಲಿ ಬಂದು "ಡಿಎನ್‌ಎ ಮಾಡಿಸಿ ಸಾರ್, ಅವಳ ಬಣ್ಣ ಬಯಲಾಗಲಿ" ಎಂದಾಗ ಪೆನ್ನು ಕೆಳಗಿಡಿ. ಅವನಿಗೆ ಒಂದು ಲೋಟ ನೀರು ಕೊಡಿ. ಈ ಅರ್ಜಿಯಿಂದ ನಿಮಗೆ ಮಗುವಿನಿಂದ ಬರುವ ಉತ್ತರ ಬೇಕೇ, ಹೆಂಡತಿಯಿಂದ ಬಿಡುಗಡೆ ಬೇಕೇ ಎಂದು ಕೇಳಿ. ಬಿಡುಗಡೆ ಎಂದರೆ, ಅದಕ್ಕೆ ಮಗುವನ್ನು ಮುಟ್ಟದ ದಾರಿಗಳನ್ನು ತೋರಿಸಿ. 1984ರ ಕುಟುಂಬ ನ್ಯಾಯಾಲಯ ಕಾಯಿದೆಯ 11ನೇ ಕಲಂ ಪ್ರಕಾರ ಒಂದು ಪಕ್ಷ ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಅದನ್ನು ಮೊದಲ ದಿನವೇ ಕೇಳಿ. ಅದೇ ಕಾಯಿದೆಯ 12ನೇ ಕಲಂ ನ್ಯಾಯಾಲಯಕ್ಕೆ ವೈದ್ಯಕೀಯ ತಜ್ಞರ, ಕುಟುಂಬ ಕಲ್ಯಾಣದ ಕೆಲಸದಲ್ಲಿ ತೊಡಗಿದವರ ನೆರವು ಪಡೆಯಲು ಅವಕಾಶ ಕೊಟ್ಟಿದೆ. ಅದನ್ನೂ ಕೇಳಿ. ಗಂಡನಿಗೆ ಒಬ್ಬರು ವಕೀಲರು, ಹೆಂಡತಿಗೆ ಒಬ್ಬರು. ಯಾರ ಹುಟ್ಟನ್ನು ಹಿಡಿದು ಎಳೆದಾಡುತ್ತಿದ್ದಾರೋ ಆ ಮಗುವಿನ ಪರ ಮಾತಾಡಲು ಯಾರೂ ಇಲ್ಲದ ದಿನಗಳು ಸಾಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಮಹಿಳೆಗೂ ಮಗುವಿಗೂ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುತ್ತದೆ. ತಾಲೂಕಿನ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದರೆ ಸಾಕು, 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಬೀಡಿ ಕಟ್ಟಿ ದಿನ ದೂಡುವ ತಾಯಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿರುವವರು ಅವಳ ಜಗಲಿಗೆ ಹೋಗಿ ಹೇಳಿ.

ನ್ಯಾಯಪೀಠದಲ್ಲಿರುವವರಿಗೆ ಒಬ್ಬ ಟೀಚರು ಹೇಳಿಕೊಡಬೇಕಾದದ್ದು ಏನಿಲ್ಲ. ಒಂದೇ ಒಂದು ಬೇಡಿಕೆ: ವಾಯಿದೆ ಹಾಕುವಾಗ ಶಾಲೆಯ ಕ್ಯಾಲೆಂಡರನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಪರೀಕ್ಷೆಯ ದಿನ, ಪ್ರತಿಭಾ ಕಾರಂಜಿಯ ದಿನ ಕೋರ್ಟಿನ ಬೆಂಚಿನ ಮೇಲೆ ಕಳೆದುಹೋಗುವುದು ಬೇಡ.

ಇನ್ನು ನಾವೆಲ್ಲ. 2025ರಲ್ಲಿ ಪುತ್ತೂರಿನ ಒಂದು ಪ್ರಕರಣದಲ್ಲಿ ಮಗುವಿನ ತಂದೆ ಯಾರೆಂಬ ಪ್ರಶ್ನೆ ಡಿಎನ್‌ಎ ಪರೀಕ್ಷೆಯ ತನಕ ಹೋಯಿತು. ನ್ಯಾಯ ಕೇಳಿದವರು ಕೇಳಲೇಬೇಕಿತ್ತು. ಆದರೆ ಉಳಿದ ನಾವು ಏನು ಮಾಡಿದೆವು? ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಬಸ್ಸಿನಲ್ಲಿ, ಮದುವೆ ಹಾಲಿನ ಊಟದ ಸಾಲಿನಲ್ಲಿ, ಫೋನಿನ ಗುಂಪುಗಳಲ್ಲಿ ಪಕ್ಷ ಕಟ್ಟಿಕೊಂಡು ಮಾತಾಡಿದೆವು. ಯಾವ ಜಾತಿ, ಯಾವ ಪಕ್ಷ, ಯಾರ ಮನೆ ಎಂದೆವು. ನಾನಿಲ್ಲಿ ಒಂದು ಹೆಸರನ್ನೂ ಬರೆಯುವುದಿಲ್ಲ. ಆ ಮಗು ಬೆಳೆಯುತ್ತಿದೆ. ಇನ್ನು ಕೆಲವೇ ವರ್ಷಗಳಲ್ಲಿ ಅಕ್ಷರ ಕೂಡಿಸಿ ಓದಲು ಕಲಿಯುತ್ತದೆ, ಆಮೇಲೆ ಫೋನಿನಲ್ಲಿ ಹುಡುಕಲು ಕಲಿಯುತ್ತದೆ. ನಾವು ಅಂದು ಹಂಚಿದ ಚಿತ್ರ, ಬರೆದ ಕಮೆಂಟು ಎಲ್ಲ ಅಲ್ಲೇ ಕಾದು ಕುಳಿತಿರುತ್ತವೆ. ನಿಮ್ಮ ಫೋನಿನಲ್ಲಿ ಅಂಥದ್ದು ಉಳಿದಿದ್ದರೆ ಈ ಸಾಲು ಓದಿದ ಕೂಡಲೇ ಅಳಿಸಿ. ಗುಂಪಿನಲ್ಲಿ ಯಾರಾದರೂ ಮತ್ತೆ ಹಾಕಿದರೆ "ಅಣ್ಣ, ತೆಗೆಯಿರಿ" ಎಂದು ಎಲ್ಲರ ಎದುರಿಗೇ ಹೇಳಿ. ಅಷ್ಟು ಧೈರ್ಯ ನಮಗಿರಬೇಕು.

ಟೀಚರುಗಳೇ, ಅಂಗನವಾಡಿಯ ಅಕ್ಕಂದಿರೇ, ದಾಖಲಾತಿಯ ದಿನ ತಂದೆಯ ಹೆಸರು ಕೇಳುವಾಗ ತಾಯಿ ಒಂದು ಉಸಿರು ತಡೆದರೂ ಸಾಕು, ಪುಸ್ತಕ ಮುಚ್ಚಿ. "ಕೂತ್ಕೊಳ್ಳಮ್ಮ, ಆಮೇಲೆ ಬರೆಯುವ" ಎಂದು ಹೇಳಿ ಒಳಗೆ ಕರೆದುಕೊಂಡು ಹೋಗಿ. ನಾನು ಮಾಡದೆ ಬಿಟ್ಟದ್ದು ಅಷ್ಟೇ. ಅರ್ಧ ನಿಮಿಷದ ಕೆಲಸ.

ಮತ್ತು ನೀವು, ಅಣ್ಣ. ಎಲ್ಲೋ ಇದನ್ನು ಓದುತ್ತಿದ್ದೀರಿ, ನಾಳೆ ಬೆಳಗ್ಗೆ ವಕೀಲರ ಕಚೇರಿಗೆ ಹೋಗಿ ಅರ್ಜಿಗೆ ಸಹಿ ಹಾಕುವುದೆಂದು ತೀರ್ಮಾನಿಸಿದ್ದೀರಿ. ನಿಮ್ಮನ್ನು ತಡೆಯುವ ಶಕ್ತಿ ನನಗಿಲ್ಲ. ಒಂದು ದಿನ ಮುಂದೆ ಹಾಕಿ. ನಾಳೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ, ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಈಚೆಗೆ ನಿಂತುಕೊಳ್ಳಿ. ಗಂಟೆ ಹೊಡೆಯುತ್ತದೆ. ಮಕ್ಕಳು ಒಟ್ಟಿಗೆ ಓಡಿಬರುತ್ತಾರೆ, ಯಾರ ಮಗು ಯಾರದೆಂದು ಆ ಗದ್ದಲದಲ್ಲಿ ತಿಳಿಯುವುದಿಲ್ಲ. ಆ ಗುಂಪಿನಲ್ಲಿ ಒಂದು ಮಗು ನಿಮ್ಮನ್ನು ನೋಡಿ ನಿಲ್ಲುತ್ತದೆ. ಅದು ನಿಮ್ಮನ್ನು ಏನೆಂದು ಕೂಗುತ್ತದೋ ಕೇಳಿಸಿಕೊಳ್ಳಿ. ಅದರ ಚೀಲವನ್ನು ನಿಮ್ಮ ಹೆಗಲಿಗೆ ಹಾಕಿಕೊಂಡು ಮನೆಯ ತನಕ ಬಿಟ್ಟುಬನ್ನಿ.

ವಕೀಲರ ಕಚೇರಿ ನಾಡಿದ್ದೂ ತೆರೆದಿರುತ್ತದೆ.